ಅಪ್ಪನ ಕೋವಿ ನನ್ನ ಹೆಸರಿಗೆ ಮಾಡಿಸಬೇಕಾ, ಕೊಟ್ಟು ಕೈ ತೊಳೆಯಬೇಕಾ?

ಪೆರ್ಲದ ತೋಟದವ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತಿನ ಒಳಭಾಗ. ಮೂರು ಎಕರೆ ಅಡಿಕೆ, ನಡುವೆ ಬಾಳೆ, ಗುಡ್ಡದ ಬದಿಗೆ ಸ್ವಲ್ಪ ಮರಗೆಣಸು. ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆಯ ತೋಟೆ ಕೋವಿ ಒಂದು ಉಂಟು. ಲೈಸೆನ್ಸ್ ಅಪ್ಪನ ಹೆಸರಲ್ಲಿ. ಅಪ್ಪನಿಗೆ ಈಗ 76. ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದು ಬಾಕಿ. ಬರುವ ತಿಂಗಳು ಲೈಸೆನ್ಸ್ ನವೀಕರಣ.

ಕಳೆದ ವಾರ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರ ಆಯಿತು. ಹೊರಗೆ ಬಂದು ನೋಡಿದರೆ ಅಪ್ಪ ಚಾವಡಿಯಲ್ಲಿ ಕತ್ತಲಲ್ಲಿ ಕೂತಿದ್ದಾರೆ. ತೊಡೆ ಮೇಲೆ ಕೋವಿ. "ತೋಡಿನ ಆಚೆ ಸದ್ದು ಕೇಳ್ತದೆ, ಸುಮ್ಮನಿರು" ಅಂದರು. ನಾನು ಟಾರ್ಚ್ ಹಾಕಿದೆ. ಹಳ್ಳದ ಆಚೆ ಇದ್ದದ್ದು ಪಕ್ಕದ ತೋಟದವರು. ಕರೆಂಟ್ ಬಂದಿತ್ತು, ಪಂಪ್ ಹಾಕಲು ಬಂದಿದ್ದರು. ಅಪ್ಪ ಏನೂ ಮಾತಾಡದೆ ತೋಟೆ ಎರಡನ್ನೂ ತೆಗೆದು ಅಂಗಿ ಕಿಸೆಗೆ ಹಾಕಿಕೊಂಡು ಮಲಗಲು ಹೋದರು. ನನಗೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ. ಹೆಂಡತಿ ಹೇಳುತ್ತಾಳೆ, ಅದು ಮನೆಯಿಂದ ಹೋಗಲಿ. ಅಪ್ಪ ಹೇಳುತ್ತಾರೆ, ಕೋವಿ ಕೊಡುವುದಾದರೆ ತೋಟವನ್ನೂ ಹಂದಿಗಳ ಹೆಸರಿಗೆ ಬರೆದುಬಿಡು. ಈ ವರ್ಷ ನಲವತ್ತು ಬಾಳೆ ಬುಡ ಹಂದಿ ಮಗುಚಿ ಹಾಕಿದೆ, ಅಪ್ಪನ ಮಾತೂ ಸುಳ್ಳಲ್ಲ. ನಿಮ್ಮಲ್ಲಿ ಯಾರಾದರೂ ವರ್ಗಾವಣೆ ಮಾಡಿಸಿದ್ದೀರಾ? ಅಥವಾ ಸರೆಂಡರ್?

ಬಾಯಾರು ಭಾವ
ಸರೆಂಡರ್ ಮಾಡಬೇಡ ಭಾವ. ಒಮ್ಮೆ ಹೋದರೆ ಇನ್ನು ನಿನ್ನ ಜನ್ಮದಲ್ಲಿ ಹೊಸ ಲೈಸೆನ್ಸ್ ಸಿಗುವುದಿಲ್ಲ. ನಾನು ಅರ್ಜಿ ಹಾಕಿ ಅಲೆದ ಚಪ್ಪಲಿ ಎಷ್ಟು ಸವೆದಿದೆ ಅಂತ ನನಗೆ ಗೊತ್ತು.

ಹಂದಿಗೂ ಹಸಿವು
ಪಂಪ್ ಹಾಕಲು ಬಂದ ಮನುಷ್ಯ ಬದುಕಿದ್ದು ನಿಮ್ಮ ಟಾರ್ಚಿನಿಂದ. ಇದರಲ್ಲಿ ಕೇಳುವುದು ಎಂತದು? ನಾಳೆಯೇ ಕೊಟ್ಟು ಬನ್ನಿ.

ಬಾಯಾರು ಭಾವ
ಹೆಸರು ನೋಡಿದರೇ ಗೊತ್ತಾಗುತ್ತದೆ ನಿಮಗೆ ತೋಟ ಇಲ್ಲ ಅಂತ.

ಹಂದಿಗೂ ಹಸಿವು
ಉಂಟು. ಎರಡೂವರೆ ಎಕರೆ, ಕುಂಬ್ಡಾಜೆಯಲ್ಲಿ. ಬೇಲಿಯೂ ಉಂಟು.

ವಕೀಲೆ, ವಿದ್ಯಾನಗರ
ಮೊದಲು ಕಾಗದದ ವಿಷಯ ಹೇಳುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

2016ರ ಆಯುಧ ನಿಯಮಗಳಲ್ಲಿ ನಿಮ್ಮಂಥವರಿಗೇ ಒಂದು ದಾರಿ ಉಂಟು. ಲೈಸೆನ್ಸುದಾರರಿಗೆ 70 ದಾಟಿದ್ದರೆ, ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ತೀರಿಹೋಗುವವರೆಗೆ ಕಾಯಬೇಕಾಗಿಲ್ಲ. ಅಕ್ಕ ತಂಗಿ, ಅಣ್ಣ ತಮ್ಮ ಇದ್ದರೆ ಅವರ ಒಪ್ಪಿಗೆ ಪತ್ರ ಬೇಕು. ನಿಮಗೆ 21 ಆಗಿರಬೇಕು, ಅದು ಆಗಿದೆ ಅಂದುಕೊಳ್ಳುತ್ತೇನೆ. ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟ್, ಕೋವಿ ಬಳಸುವ ತರಬೇತಿಯ ಸರ್ಟಿಫಿಕೇಟ್ ಎಲ್ಲ ಕೇಳುತ್ತಾರೆ. ಅರ್ಜಿ ಹೋಗುವುದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ.

ಈಗಲೇ ತೀರ್ಮಾನ ಮಾಡಲು ಆಗದಿದ್ದರೆ ಇನ್ನೊಂದು ದಾರಿ: ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಡೆಪಾಸಿಟ್ ಇಡಬಹುದು. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಠಾಣೆಯ ಜೊತೆಗೆ ಅಂಗಡಿಯ ಹೆಸರೂ ಉಂಟು. ತುಂಬ ಜನಕ್ಕೆ ಇದು ಗೊತ್ತಿಲ್ಲ. ನವೀಕರಣದ ದಿನ ಮಾತ್ರ ದಾಟಿಸಬೇಡಿ. ದಾಟಿದ ಮೇಲೆ ಅದು ಅಜ್ಜನ ನೆನಪಾಗಿ ಉಳಿಯುವುದಿಲ್ಲ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟದ್ದಕ್ಕೆ 25ನೇ ಸೆಕ್ಷನ್ನಿನ ಕೇಸಾಗುತ್ತದೆ.

ಪೆರ್ಲದ ತೋಟದವ
ಅಕ್ಕ, ತುಂಬ ಉಪಕಾರ. ಅಂಗಡಿಯ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಮೀಂಜದ ಹುಡುಗ
ಯಾರೂ ಮುಖ್ಯ ಪ್ರಶ್ನೆ ಕೇಳುತ್ತಿಲ್ಲ. ನಮ್ಮ ಮನೆ ಕಾಯಲು ನಾವು ಯಾಕೆ ಅನುಮತಿ ಬೇಡಬೇಕು? ಇದು ನಮ್ಮ ಹಕ್ಕು. 1878ರಲ್ಲಿ ಬ್ರಿಟಿಷರು ಕಾಯ್ದೆ ತಂದು ಜನರ ಕೈಯಿಂದ ಆಯುಧ ಕಿತ್ತುಕೊಂಡರು. ಬಿಳಿಯರಿಗೆ ವಿನಾಯಿತಿ, ನಮಗೆ ಲೈಸೆನ್ಸ್. ಸ್ವಾತಂತ್ರ್ಯ ಬಂದ ಮೇಲೂ ಅದನ್ನೇ ಹೆಸರು ಬದಲಿಸಿ ಇಟ್ಟುಕೊಂಡೆವು. ಆ ಕಾಯ್ದೆಯನ್ನು ಬೈದವರು ಬೇರೆ ಯಾರೂ ಅಲ್ಲ, ಗಾಂಧೀಜಿ!

ನೀರ್ಚಾಲಿನ ಮಾಷ್ಟ್ರು
ಹುಡುಗ, ಗಾಂಧೀಜಿ ಬರೆದದ್ದು ಹೌದು. ಯಾವಾಗ ಅಂತಲೂ ಹೇಳು. 1918ರಲ್ಲಿ, ಗುಜರಾತಿನ ಖೇಡಾದಲ್ಲಿ, ಮೊದಲ ಮಹಾಯುದ್ಧಕ್ಕೆ ಜನ ಸೇರಿಸುವಾಗ. ಸೈನ್ಯಕ್ಕೆ ಸೇರಿ, ಆಗ ಆ ಕಾಯ್ದೆ ತೆಗೆಸಲು ಬಲ ಬರುತ್ತದೆ ಅಂತ ವಾದ. ಅರ್ಧ ಕಡಿದು ಪೋಸ್ಟರ್ ಮಾಡಿದವರು ಕೆಳಗಿನ ಸಾಲು ಬಿಡುತ್ತಾರೆ.

ನಿನಗೆ ಬೇಕಾದ ಪಾಯಿಂಟ್ ನಾನೇ ಕೊಡುತ್ತೇನೆ ನೋಡು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಪ್ರಜೆಗಳಿಗೆ ಆಯುಧ ಇಟ್ಟುಕೊಳ್ಳುವ ಹಕ್ಕು ಅಂತ ಬರೆದಿತ್ತು. ಆದರೆ ನಿಯಮಗಳಿಗೆ ಒಳಪಟ್ಟು ಅಂತಲೂ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕಾಗಿ ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಎಲ್ಲಿಯವರು? ಮಂಗಳೂರಿನಲ್ಲಿ ಹುಟ್ಟಿದವರು! ನಮ್ಮ ಸೀಮೆಯ ಮನುಷ್ಯ. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಅಂದರೆ ನಮ್ಮವರು ಮರೆತು ಬಿಟ್ಟದ್ದಲ್ಲ. ಎದುರಿಗಿಟ್ಟು ಮಾತಾಡಿ ಬೇಡ ಅಂದದ್ದು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು, ಅಮೆರಿಕದ ಹಾಗೆ ಇಲ್ಲಿ ಆಯುಧದ ಮೂಲಭೂತ ಹಕ್ಕು ಇಲ್ಲ ಅಂತ.

ಮೀಂಜದ ಹುಡುಗ
ಕಾಮತರ ವಿಷಯ ಗೊತ್ತಿರಲಿಲ್ಲ ಮಾಷ್ಟ್ರೆ. ಆದರೆ ಬಿದ್ದ ತಿದ್ದುಪಡಿ ತಪ್ಪು ಅಂತ ಆಗುವುದಿಲ್ಲವಲ್ಲ?

ನೀರ್ಚಾಲಿನ ಮಾಷ್ಟ್ರು
ಅದು ಸರಿ. ಅಷ್ಟು ಒಪ್ಪುತ್ತೇನೆ.

ಉಪ್ಪಳ ಇಚ್ಚ
ನಿಮ್ಮ ಕಾಮತ್ರನ್ನು ಬಿಡಿ ಮಾರಾಯ್ರೆ. ನನಗೆ ಮಂಗನ ಕಾಟ. ಬೊಂಡ (ಎಳನೀರು) ಒಂದೂ ಬಿಡುವುದಿಲ್ಲ. ಏರ್ ಗನ್‌ಗೆ ಲೈಸೆನ್ಸ್ ಬೇಕಾ?

ವಕೀಲೆ, ವಿದ್ಯಾನಗರ
ನಳಿಗೆಯ ಅಳತೆ 0.177 ಇಂಚಿಗಿಂತ ಹೆಚ್ಚಿದ್ದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ ಬೇಕು. ಅದಕ್ಕಿಂತ ಕಡಿಮೆಯದ್ದಕ್ಕೆ ಬೇಡ. ಆದರೆ ಇಚ್ಚ, ಮಂಗನಿಗೆ ಹೊಡೆದರೆ ಅರಣ್ಯ ಇಲಾಖೆಯ ಕೇಸ್ ಬೇರೆ ಆಗಬಹುದು. ಮತ್ತೆ ಅದು ಆಟಿಕೆ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು.

ಉಪ್ಪಳ ಇಚ್ಚ
ಮತ್ತೆ ಎಂತ ಮಾಡುವುದು, ಮಂಗನಿಗೆ ಸಲಾಂ ಹೊಡೆಯುವುದಾ?

ಅಡೂರಿನ ಅಕ್ಕ
ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನ್ನ ಭಾವ, ಅಂದರೆ ಇವರ ಅಣ್ಣ, ಹನ್ನೆರಡು ವರ್ಷದ ಹಿಂದೆ ಸಂಜೆ ಏಳು ಗಂಟೆಗೆ ಗುಡ್ಡದ ಬದಿಗೆ ದನ ಹುಡುಕಲು ಹೋಗಿದ್ದರು. ಆಚೆ ಮನೆಯವರು ಕೇಪಿನ ಕೋವಿ ಹಿಡಿದು ಹಂದಿಗೆ ಕಾದು ಕೂತಿದ್ದರು. ಪೊದೆ ಅಲ್ಲಾಡಿತು, ಈಡು ಬಿಟ್ಟರು. ಮೊಣಕಾಲಿನ ಕೆಳಗೆ ಹದಿನೇಳು ಚೆರೆ, ಅಂದರೆ ಸಣ್ಣ ಗುಂಡು. ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನಾಲ್ಕು ತೆಗೆದರು, ಮೂರು ಈಗಲೂ ಒಳಗೆ ಉಂಟು. ಮಳೆ ಬರುವ ಮೊದಲ ದಿನ ಅವರಿಗೆ ಗೊತ್ತಾಗುತ್ತದೆ, "ಕಾಲು ಹೇಳಿತು" ಅಂತಾರೆ. ಹೊಡೆದವರು ಕೆಟ್ಟವರಲ್ಲ. ನಮ್ಮ ಮನೆಯ ಮದುವೆಗೆ ಬಡಿಸಿದವರು. ಅವರ ಕೋವಿಗೆ ಲೈಸೆನ್ಸೂ ಇತ್ತು. ಆ ಮೇಲೆ ಎರಡು ಮನೆಯ ನಡುವೆ ಮಾತು ನಿಂತದ್ದು ಇನ್ನೂ ಸರಿಯಾಗಲಿಲ್ಲ.

ಪೆರ್ಲದವರೇ, ನಿಮ್ಮ ಅಪ್ಪ ಒಳ್ಳೆಯವರೇ ಇರಬಹುದು. ಕತ್ತಲಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಬಾಯಾರು ಭಾವ
ಅಕ್ಕ, ಓದಿ ಬೇಸರ ಆಯಿತು. ಆದರೆ ಒಂದು ಮಾತು. ಲೈಸೆನ್ಸ್ ಕೋವಿ ಹೋದ ಕಡೆ ಎಂತ ಬಂದಿದೆ ಅಂತ ನೋಡಿದ್ದೀರಾ? ಉರುಳು, ಕರೆಂಟ್ ವಯರ್, ಸಿಡಿಮದ್ದು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಕಡೆ ಬಸುರಿ ಆನೆ ಸತ್ತದ್ದು ನೆನಪುಂಟಲ್ವಾ, ಹೊಳೆಯಲ್ಲಿ ನಿಂತುಕೊಂಡೇ? ಅದು ಕೋವಿಯಿಂದ ಅಲ್ಲ, ಸಿಡಿಮದ್ದು ಇಟ್ಟ ತಿನಿಸಿನಿಂದ. ಸರ್ಕಾರದ ಪುಸ್ತಕದಲ್ಲಿ ನಂಬರ್ ಇರುವ ಕೋವಿ ಸಾವಿರ ಪಾಲು ವಾಸಿ.

ಹಂದಿಗೂ ಹಸಿವು
ಇದಕ್ಕೆ ಮಾತ್ರ ನಾನು ಎದುರು ಹೇಳುವುದಿಲ್ಲ. ವಯರ್ ಇಡುವವರನ್ನು ಮೊದಲು ಹಿಡಿಯಬೇಕು.

ಮುಳ್ಳೇರಿಯ ಬಸ್‌ಸ್ಟ್ಯಾಂಡ್
ಪಂಚಾಯತಿಗೆ ಹೇಳಿದರೆ ಹಂದಿ ಹೊಡೆಸುತ್ತಾರೆ ಅಂತ ಕೇಳಿದ್ದೇನೆ. ಮತ್ತೆ ಮನೆಯಲ್ಲಿ ಕೋವಿ ಯಾಕೆ?

ಬಾಯಾರು ಭಾವ
ಹೇಳಿ ನೋಡಿ, ಹಂದಿಗೆ ಮೊಮ್ಮಕ್ಕಳಾದ ಮೇಲೆ ಬರುತ್ತಾರೆ.

ವಕೀಲೆ, ವಿದ್ಯಾನಗರ
2022ರ ಮೇಯಿಂದ ಕೇರಳದಲ್ಲಿ ಪಂಚಾಯತು ಅಧ್ಯಕ್ಷರಿಗೆ, ನಗರಸಭೆ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿದ್ದಾರೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಆದೇಶ ಕೊಡಬಹುದು. ಆದರೆ ವಿಷ, ಸ್ಫೋಟಕ, ಕರೆಂಟ್ ಬಳಸುವ ಹಾಗಿಲ್ಲ. ಅಂದರೆ ಉಳಿದದ್ದು ಕೋವಿಯೇ. ಹೊಡೆಯುವವರು ಪಂಚಾಯತಿನ ಪಟ್ಟಿಯಲ್ಲಿ ಇರುವ ಲೈಸೆನ್ಸುದಾರರು. ಇಲ್ಲೇ ಸಿಕ್ಕು ನೋಡಿ: ಹಳಬರು ಒಬ್ಬೊಬ್ಬರೇ ಲೈಸೆನ್ಸ್ ಬಿಡುತ್ತಿದ್ದಾರೆ, ಹೊಸಬರಿಗೆ ಸಿಗುತ್ತಿಲ್ಲ. ಆದೇಶ ಕೊಡುವವರು ಇದ್ದಾರೆ, ಹೊಡೆಯುವವರು ಬೇಕಲ್ಲ.

ಹಂದಿಯನ್ನು ಉಪದ್ರವಿ ಪ್ರಾಣಿ ಅಂತ ಘೋಷಿಸಿ ಅಂತ ಕೇರಳ ಎಷ್ಟೋ ಸಲ ಕೇಳಿತು, ಕೇಂದ್ರ ಒಪ್ಪಲಿಲ್ಲ. ಅದಕ್ಕೆ 2025ರಲ್ಲಿ ಕೇರಳ ವಿಧಾನಸಭೆ ವನ್ಯಜೀವಿ ಕಾಯ್ದೆಗೆ ತನ್ನದೇ ತಿದ್ದುಪಡಿ ಮಸೂದೆ ಪಾಸ್ ಮಾಡಿತು. ಕೋವಿಯ ಕಾಯ್ದೆ ಮತ್ತು ಕಾಡುಪ್ರಾಣಿಯ ಕಾಯ್ದೆ ಬೇರೆ ಬೇರೆ, ಇದು ನೆನಪಿರಲಿ. ಲೈಸೆನ್ಸ್ ಇದೆ ಅಂತ ಅಪ್ಪ ಸ್ವಂತ ತೀರ್ಮಾನದಲ್ಲಿ ಹಂದಿ ಹೊಡೆದರೆ ಅದೂ ಅಪರಾಧವೇ.

ಪೆರ್ಲದ ತೋಟದವ
ಅಪ್ಪ ಹೊಡೆದು ಹತ್ತು ವರ್ಷ ಆಗಿರಬಹುದು ಅಕ್ಕ. ಸುಮ್ನೆ ಮೇಲೆ ಒಂದು ಈಡು ಬಿಟ್ಟು ಹೆದರಿಸುವುದು ಅಷ್ಟೆ. ಇದನ್ನು ಹೇಳಬಾರದಿತ್ತೋ ಏನೋ.

ಸುಳ್ಯ ಗಡಿ
ಇಷ್ಟೆಲ್ಲ ತಾಪತ್ರಯ ನಿಮಗೆ ಮಾತ್ರ. ಘಟ್ಟ ಹತ್ತಿ ಕೊಡಗಿಗೆ ಹೋಗಿ, ಲೈಸೆನ್ಸೇ ಬೇಡ. ಮಗು ಹುಟ್ಟಿದರೆ ಈಡು, ಸತ್ತರೆ ಈಡು.

ನೀರ್ಚಾಲಿನ ಮಾಷ್ಟ್ರು
ಎಲ್ಲರಿಗೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಜಮ್ಮಾ ಅಂದರೆ ಅಲ್ಲಿಯ ವಂಶಪಾರಂಪರ್ಯದ ಭೂಮಿ). ಅವರಿಗೂ ವಿನಾಯಿತಿ ಪತ್ರ ಅಂತ ಒಂದು ಬೇಕು. 1861ರಿಂದ ಬಂದ ಪದ್ಧತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಜಾತಿ ನೋಡಿ ಕೋವಿ ಕೊಡುವುದು ಸರಿಯಾ ಅಂತ ಕೇಸಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದು ಅಂತ ಆಯುಧದ ಹಬ್ಬ, ಅಂದು ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಮನೆಯ ಮಕ್ಕಳು ಅದನ್ನು ನೋಡುತ್ತ ಬೆಳೆಯುತ್ತಾರೆ, ಯಾವುದಕ್ಕೆ ಮುಟ್ಟಬೇಕು, ಯಾವುದಕ್ಕೆ ಮುಟ್ಟಬಾರದು ಅಂತ. ನಮ್ಮಲ್ಲಿ ಅಟ್ಟದಲ್ಲಿ ಅಡಗಿಸಿ ಇಡುತ್ತೇವೆ. ನನಗೆ ಕೇಳಿದರೆ ಅಡಗಿಸಿಟ್ಟದ್ದೇ ಜಾಸ್ತಿ ಅಪಾಯ.

ಮೀಂಜದ ಹುಡುಗ
ಅದನ್ನೇ ನಾನು ಹೇಳುತ್ತಿರುವುದು!! ಅವರಿಗೆ ಆಗುತ್ತದೆ ಅಂದರೆ ನಮಗೆ ಯಾಕೆ ಆಗಬಾರದು?

ಕುಂಬಳೆ ಟು ಟೆಕ್ಸಾಸ್
ಹುಡುಗನಿಗೆ ನಾನು ಉತ್ತರ ಕೊಡಬೇಕು. ನನ್ನ ಊರು ಕುಂಬಳೆ, ಈಗ ಹದಿನಾಲ್ಕು ವರ್ಷದಿಂದ ಟೆಕ್ಸಾಸ್. ನೀನು ಕೇಳುವ ಹಕ್ಕು ಇಲ್ಲಿ 1791ರಿಂದ ಸಂವಿಧಾನದಲ್ಲೇ ಉಂಟು. ಎರಡನೇ ತಿದ್ದುಪಡಿ. ಅದು ಸೈನಿಕ ಪಡೆಗಾಗಿಯಾ ಒಬ್ಬೊಬ್ಬ ಮನುಷ್ಯನ ಹಕ್ಕಾ ಅಂತ ಇನ್ನೂರು ವರ್ಷ ಚರ್ಚೆ ಆಗಿ, 2008ರ ಹೆಲ್ಲರ್ ಕೇಸಿನಲ್ಲಿ ಒಬ್ಬೊಬ್ಬನ ಹಕ್ಕು ಅಂತ ತೀರ್ಪು ಬಂತು. 2022ರಲ್ಲಿ ಇನ್ನೊಂದು ತೀರ್ಪು, ಮನೆಯಿಂದ ಹೊರಗೆ ಒಯ್ಯುವುದೂ ಹಕ್ಕು ಅಂತ. ನಮ್ಮ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ 21 ದಾಟಿದವರು ಪಿಸ್ತೂಲು ಇಟ್ಟುಕೊಂಡು ತಿರುಗಲು ಪರವಾನಗಿಯೇ ಬೇಡ, ಅಪರಾಧದ ದಾಖಲೆ ಇರಬಾರದು ಅಷ್ಟೆ. ವಾಲ್‌ಮಾರ್ಟಿನಲ್ಲಿ ಮೀನು ಹಿಡಿಯುವ ಗಾಳದ ಪಕ್ಕದ ಸಾಲಿನಲ್ಲಿ ಬೇಟೆಯ ಕೋವಿ ಉಂಟು.

ನಮ್ಮ ಪಕ್ಕದ ಮನೆಯವ ತುಂಬ ಒಳ್ಳೆಯ ಮನುಷ್ಯ, ಅವನಲ್ಲಿ ಒಂಬತ್ತು ಕೋವಿ ಉಂಟು. ಅವನ ಮಾತು ಕೇಳಿದರೆ ನಿನಗೆ ಖುಷಿ ಆದೀತು: ಪೊಲೀಸ್ ಬರಲು ನಲವತ್ತು ನಿಮಿಷ ಬೇಕು, ಅಷ್ಟು ಹೊತ್ತು ನನ್ನ ಮನೆ ಯಾರು ಕಾಯುವುದು? ಹಳ್ಳಿಯಲ್ಲಿ ಅದು ಸುಳ್ಳಲ್ಲ. ಆದರೆ ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಮೊದಲು ಕಲಿತದ್ದು ಎಂತ ಗೊತ್ತಾ? ದೀಪ ಆರಿಸಿ ಗೋಡೆಗೆ ಒರಗಿ ಸದ್ದು ಮಾಡದೆ ಕೂರುವುದು. 2022ರ ಮೇ 24ಕ್ಕೆ ನಮ್ಮ ರಾಜ್ಯದ್ದೇ ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಹೊಡೆದವನಿಗೆ 18 ವರ್ಷ, ಕೋವಿ ಕಾನೂನು ಪ್ರಕಾರವೇ ಕೊಂಡದ್ದು. ಮರುದಿನ ಮಗಳನ್ನು ಶಾಲೆಗೆ ಬಿಟ್ಟು ಕಾರಿನಲ್ಲೇ ಅರ್ಧ ಗಂಟೆ ಕೂತಿದ್ದೆ.

ಹಂದಿಯ ವಿಷಯಕ್ಕೂ ಹೇಳುತ್ತೇನೆ. ಇಲ್ಲಿಯೂ ಕಾಡುಹಂದಿಯ ಕಾಟ ಭಯಂಕರ, ನಿಮ್ಮ ಹಂದಿಯದ್ದೇ ಜಾತಿ. 2011ರಿಂದ ಹೆಲಿಕಾಪ್ಟರಿನಲ್ಲಿ ಕೂತು ಹೊಡೆಯಬಹುದು, 2017ರಿಂದ ಬಿಸಿಗಾಳಿ ಬಲೂನಿನಿಂದಲೂ. ತಮಾಷೆ ಅಲ್ಲ, ಕಾನೂನೇ ಹಾಗೆ. ಇಷ್ಟು ಕೋವಿ, ಇಷ್ಟು ಹಕ್ಕು ಇದ್ದೂ ಹಂದಿ ಮುಗಿಯಲಿಲ್ಲ.

ಉಪ್ಪಳ ಇಚ್ಚ
ಬಲೂನಾ??? 😂 ಎಣ್ಮಕಜೆ ಪಂಚಾಯತಿಗೆ ಒಂದು ಬಲೂನ್ ಮಂಜೂರು ಮಾಡಿಸಿ.

ಮುಳ್ಳೇರಿಯ ಬಸ್‌ಸ್ಟ್ಯಾಂಡ್
ಬಲೂನ್ ಅಡಿಕೆ ಮರಕ್ಕೆ ಸಿಕ್ಕಿಬಿದ್ದರೆ ಇಳಿಸಲು ಮರ ಹತ್ತುವವರು ಸಿಗಬೇಕಲ್ಲ, ಕೊನೆ ತೆಗೆಯಲಿಕ್ಕೇ ಜನ ಇಲ್ಲ.

ಮೀಂಜದ ಹುಡುಗ
ಟೆಕ್ಸಾಸಣ್ಣ, ಹುಚ್ಚನೊಬ್ಬ ಮಾಡಿದ ಕೆಲಸಕ್ಕೆ ನಿಮ್ಮ ಪಕ್ಕದ ಮನೆಯವನ ಒಂಬತ್ತು ಕೋವಿ ಕಸಿಯುವುದು ನ್ಯಾಯವಾ?

ಕುಂಬಳೆ ಟು ಟೆಕ್ಸಾಸ್
ಇಲ್ಲಿ ಪ್ರತಿ ಚುನಾವಣೆಯಲ್ಲಿ ಇದೇ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಜನ ಸತ್ತ ಮೇಲೆ ಕೆಲವೇ ದಿನಗಳಲ್ಲಿ ರಾಜ್ಯಗಳೆಲ್ಲ ಒಪ್ಪಿ, ಸರ್ಕಾರ ದುಡ್ಡು ಕೊಟ್ಟು ಆರು ಲಕ್ಷಕ್ಕಿಂತ ಜಾಸ್ತಿ ಕೋವಿ ವಾಪಸು ತೆಗೆದುಕೊಂಡಿತು. ರೈತರಿಗೆ ಇಟ್ಟುಕೊಳ್ಳಲು ದಾರಿ ಬಿಟ್ಟರು, ಕಾರಣ ತೋರಿಸಬೇಕು ಅಷ್ಟೆ. ನನಗೆ ಅದು ಸರಿ ಕಾಣುತ್ತದೆ. ನನ್ನ ಪಕ್ಕದ ಮನೆಯವನಿಗೆ ಕಾಣುವುದಿಲ್ಲ. ಆದರೂ ಭಾನುವಾರ ಒಟ್ಟಿಗೆ ಚಾ ಕುಡಿಯುತ್ತೇವೆ.

ಸುಳ್ಯ ಗಡಿ
ನನ್ನ ಸಮಸ್ಯೆ ಬೇರೆ. ಮನೆ ಕೇರಳದ ಬದಿ, ಅರ್ಧ ತೋಟ ಕರ್ನಾಟಕದ ಬದಿ. ಹಂದಿಗೆ ಗಡಿ ಇಲ್ಲ. ನನ್ನ ಲೈಸೆನ್ಸಿಗೆ ಮಾತ್ರ ಗಡಿ ಉಂಟು. ಕೋವಿ ಹಿಡಿದು ತೋಡು ದಾಟಿದರೆ ಕೇಸಾ?

ವಕೀಲೆ, ವಿದ್ಯಾನಗರ
ಲೈಸೆನ್ಸಿನಲ್ಲಿ ಯಾವ ಪ್ರದೇಶ ಅಂತ ಬರೆದಿದೆ ನೋಡಿ. ಕೇರಳ ಅಂತ ಮಾತ್ರ ಇದ್ದರೆ ತೋಡಿನ ಆಚೆ ನೀವು ಲೈಸೆನ್ಸ್ ಇಲ್ಲದವರ ಲೆಕ್ಕ. ಪ್ರದೇಶ ವಿಸ್ತರಿಸಿ ಅಂತ ಅರ್ಜಿ ಕೊಡಬಹುದು, ಎರಡೂ ಬದಿಯ ಜಾಗದ ದಾಖಲೆ ಲಗತ್ತಿಸಿ.

ಸುಳ್ಯ ಗಡಿ
1956ರಲ್ಲಿ ಗೆರೆ ಎಳೆದವರು ನಮ್ಮ ತೋಟದ ನಡುವೆ ಎಳೆದರು, ಈಗ ಕೋವಿಗೂ ಎಳೆದಾಯಿತು.

ಬಾಯಾರು ಭಾವ
ಚುನಾವಣೆಯ ಕಥೆ ಯಾರೂ ಎತ್ತಲಿಲ್ಲ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ಠಾಣೆಯಿಂದ ಫೋನ್, ಕೋವಿ ತಂದಿಡಿ. ನಮ್ಮ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಅಲ್ಲಿಯವರೆಗೆ ನಮ್ಮ ಮಾವನ ಕೋವಿ ಠಾಣೆಯ ಮೂಲೆಯಲ್ಲಿ. ವಾಪಸು ಬರುವಾಗ ನಳಿಗೆಯಲ್ಲಿ ತುಕ್ಕು. ಹಂದಿಗಳಿಗೆ ನೀತಿಸಂಹಿತೆ ಅನ್ವಯ ಆಗಲಿಲ್ಲ.

ವಕೀಲೆ, ವಿದ್ಯಾನಗರ
ಎಲ್ಲರದ್ದೂ ಇಡಬೇಕು ಅಂತ ಚುನಾವಣಾ ಆಯೋಗ ಹೇಳುವುದಿಲ್ಲ. ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರದ್ದೂ ನೋಡಬೇಕು. ಜಾಮೀನಿನಲ್ಲಿ ಇರುವವರು, ಗಲಭೆ ಕೇಸಿನವರು, ಹಳೆಯ ಅಪರಾಧ ಇರುವವರು, ಇಂಥವರದ್ದು ಇಡಿಸುವುದು. ಮುಂದಿನ ಸಲ ಬೆಳೆ ರಕ್ಷಣೆಗೆ ಬೇಕು ಅಂತ ಮೊದಲೇ ಅರ್ಜಿ ಕೊಡಿ. ಕನ್ನಡದಲ್ಲೇ ಕೊಡಿ. ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು.

ಮುಳ್ಳೇರಿಯ ಬಸ್‌ಸ್ಟ್ಯಾಂಡ್
ಕನ್ನಡದಲ್ಲಿ ಕೊಟ್ಟರೆ ಓದುವವರು ರಜೆಯಲ್ಲಿ ಇರುತ್ತಾರೆ ಅಕ್ಕ.

ತೋಡಿನ ಆಚೆ
ಹೊಸ ಖಾತೆ, ಇದೇ ಮೊದಲ ಬರಹ. ಎಣ್ಮಕಜೆ, ತೋಡು, ರಾತ್ರಿ ಎರಡು ಗಂಟೆ, ಪಂಪ್. ಮಗಳು ಓದಿ ಹೇಳಿದಳು. ಆ ಟಾರ್ಚ್ ಹಾಕಿದ್ದು ನೀನಾ ಮಾರಾಯ? ನಾನು ಕೈ ಎತ್ತಿ "ನಾನೇ" ಅಂತ ಹೇಳಿದ್ದೆ, ನಿನಗೆ ಕೇಳಲಿಲ್ಲವೇನೋ.

ಪೆರ್ಲದ ತೋಟದವ
ಮಾವ! ನೀವು ಇಲ್ಲಿ ಇದ್ದೀರಾ? ಕ್ಷಮಿಸಿ. ಹೇಳಬೇಕು ಅಂತ ಎರಡು ಸಲ ನಿಮ್ಮ ಗೇಟಿನವರೆಗೆ ಬಂದು ವಾಪಸು ಹೋಗಿದ್ದೆ.

ತೋಡಿನ ಆಚೆ
ಗೊತ್ತಾಯಿತು, ನಾಯಿ ಕೂಗಿತ್ತು. ನಿನ್ನ ಅಪ್ಪನಿಗೆ ಏನೂ ಹೇಳಬೇಡ. ಇನ್ನು ಮೇಲೆ ನಾನು ಸ್ವಲ್ಪ ಜೋರಾಗಿ ಕೆಮ್ಮಿಕೊಂಡು ಬರುತ್ತೇನೆ.

ಅಡೂರಿನ ಅಕ್ಕ
ಕೆಮ್ಮುವುದರಲ್ಲಿ ಆಗುವುದಿಲ್ಲ ಅಣ್ಣ. ನೀವೇ ಹೋಗಿ ಅವರೊಟ್ಟಿಗೆ ಮಾತಾಡಿ. ನಮ್ಮಲ್ಲಿ ಯಾರೂ ಮೊದಲೇ ಮಾತಾಡಲಿಲ್ಲ.

ನೀರ್ಚಾಲಿನ ಮಾಷ್ಟ್ರು
ಅಕ್ಕ ಹೇಳಿದ್ದು ಸರಿ.

ಪೆರ್ಲದ ತೋಟದವ
ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ, ಕೇಳಿದವರಿಗೆ.

ಮಾವ ಒಂದು ಸಂಜೆ ಮನೆಗೆ ಬಂದರು. ಅಪ್ಪನೊಟ್ಟಿಗೆ ಎಲೆ ಅಡಿಕೆ ಹಾಕಿಕೊಂಡು ಅಡಿಕೆ ರೇಟು, ಮಹಾಳಿ ರೋಗ, ಯಾರದ್ದೋ ಗೃಹಪ್ರವೇಶ ಎಲ್ಲ ಮಾತಾಡಿದರು. ಹೊರಡುವಾಗ ಮೆಟ್ಟಿಲಲ್ಲಿ ನಿಂತು, "ಅಂದು ರಾತ್ರಿ ಪಂಪ್ ಹಾಕಲು ಬಂದದ್ದು ನಾನು" ಅಂದರು. ಅಪ್ಪ ಸ್ವಲ್ಪ ಹೊತ್ತು ಅವರ ಮುಖ ನೋಡಿದರು. "ನನಗೆ ಗಿಡ್ಡ ಕಂಡಿತು" ಅಂದರು. ಅಷ್ಟೆ.

ಮರುದಿನ ಬೆಳಗ್ಗೆ ಅವರೇ ದೇವರ ಕೋಣೆಯಿಂದ ಬಿಸ್ಕಿಟ್ ಡಬ್ಬ ತಂದು ನನ್ನ ಎದುರು ಇಟ್ಟರು. ಒಳಗೆ ಹನ್ನೊಂದು ತೋಟೆ, ನಾಲ್ಕು ತೇವ ಹಿಡಿದು ಉಬ್ಬಿದ್ದವು. ಕೋವಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಒರಸಿ, ಎಣ್ಣೆ ಹಚ್ಚಿ, ಎರಡು ತುಂಡು ಮಾಡಿ ಚೀಲಕ್ಕೆ ಹಾಕಿದರು. ಈಗ ಅಂಗಡಿಯಲ್ಲಿ ಡೆಪಾಸಿಟ್ ಇದೆ, ರಸೀದಿ ನನ್ನ ಹತ್ತಿರ. ನವೀಕರಣಕ್ಕೂ ಕೊಟ್ಟಾಯಿತು. ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ಬುಧವಾರ. ನನ್ನ ಹೆಸರಿಗೆ ಅರ್ಜಿ ಹಾಕುವುದೋ ಬೇಡವೋ ಇನ್ನೂ ತೀರ್ಮಾನ ಆಗಲಿಲ್ಲ. ಹೆಂಡತಿ ಬೇಡ ಅಂತಲೇ ಇದ್ದಾಳೆ, ತಂಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿಯೂ ಆಯಿತು. ಅಪ್ಪ ದಿನಾ ಕೇಳುತ್ತಾರೆ, ಅಲ್ಲಿ ಅದಕ್ಕೆ ಎಣ್ಣೆ ಹಚ್ಚುವವರು ಇದ್ದಾರಾ ಅಂತ.

ಮೀಂಜದ ಹುಡುಗ
ಅರ್ಜಿ ಹಾಕಿ ಅಣ್ಣ. ಹಕ್ಕು ಅಂತ ಅಲ್ಲದಿದ್ದರೂ ಹಾಕಿ.

ಹಂದಿಗೂ ಹಸಿವು
ಬೇಲಿಯವರ ನಂಬರ್ ಬೇಕಾದರೆ ಮೆಸೇಜ್ ಮಾಡಿ. ಬಾಳೆ ಹೇಗೆ ಉಂಟು?

ಪೆರ್ಲದ ತೋಟದವ
ನಿನ್ನೆ ರಾತ್ರಿ ಆರು ಬುಡ ಹೋಯಿತು. ಮೆಸೇಜ್ ಮಾಡುತ್ತೇನೆ.

ಉಪ್ಪಳ ಇಚ್ಚ
ರಾತ್ರಿ ಎರಡು ಗಂಟೆಗೆ ಕರೆಂಟ್ ಕೊಡುವವರಿಗೂ ಯಾರಾದರೂ ಒಂದು ಅರ್ಜಿ ಬರೆಯಿರಿ ಮಾರಾಯ್ರೆ. ಕನ್ನಡದಲ್ಲಿ.